ಮಾವನಿಗೆ ಹೇಳದೆ ಉಳಿದದ್ದು

೧೭ ಅಕ್ಟೋಬರ್ ೧೯೭೮, ಮಂಗಳವಾರ, ಪುಣೆ

ಇವರು ಇವತ್ತೇ ಶಿರೂರಿಗೆ ಹೋಗಬೇಕಿತ್ತೇ? ಮಾವನಿಗೆ ಮರಾಠಿ ಬಾರದು. ಡಾಕ್ಟರು ಹೇಳಿದ್ದನ್ನೆಲ್ಲ ನಾನೇ ಕನ್ನಡದಲ್ಲಿ ತಿಳಿಸಬೇಕಾಯಿತು. ಪ್ರೋಸ್ಟೇಟ್ ಕ್ಯಾನ್ಸರಂತೆ. ವೃಷಣ ತೆಗೆಯಬೇಕು, ಇಲ್ಲವೇ ದಿನವೂ ಹಾರ್ಮೋನ್ ಗುಳಿಗೆ ನುಂಗಬೇಕು. ಗುಳಿಗೆಯಿಂದ ಎದೆ ಹೆಂಗಸರಂತೆ ಊದಬಹುದು.

ಒಂಬತ್ತು ವರ್ಷ ಮಾವನೆದುರು ತಲೆಯ ಸೆರಗು ಜಾರಗೊಡದವಳು ನಾನು. ಇದನ್ನು ಯಾವ ಬಾಯಿಂದ ಹೇಳಲಿ?

"ಆಪರೇಶನ್, ಇಲ್ಲಾಂದ್ರ ಗುಳಿಗಿ ಅಂತರಿ, ಮಾವಾರ."

"ಆಪರೇಶನ್‌ದಾಗ ಏನ್ ತಗೀತಾರವಾ?"

"ಗಂಟರಿ" ಎಂದುಬಿಟ್ಟೆ.

"ತಗದು ಒಗೀಲಿ ಬಿಡು. ದಿನಾ ಗುಳಿಗಿ ಯಾರ ನುಂಗ್ತಾರ?" ಎಂದು ಸಹಿ ಹಾಕಿದರು.

ನಾಳೆ ಎಂಟಕ್ಕೆ ಆಪರೇಶನ್. ಶಿರೂರಿಗೆ ಟ್ರಂಕ್ ಕಾಲ್ ಸಿಗಲೇ ಇಲ್ಲ.

ವಾರ್ಡಿನಿಂದ ಹೊರಡುವಾಗ ಮಾವ ಅಂದದ್ದು: "ನೀ ಇದ್ದಿ ಅಂತ ಎಲ್ಲಾ ತಿಳೀತ ನೋಡವಾ."