ಬ್ಲೋವರ್ ಮೋಟರು ಮತ್ತು ಬಾಯಿಕನ್ನಡಿ

೧೪, ಮಂಗಳವಾರ

ಬೆಳಿಗ್ಗೆ ಎರಡು ಹಲ್ಲು ಕಿತ್ತೆ, ಮೂರು ತುಂಬಿದೆ. ಒಬ್ಬಾತ ಬೆರಳು ಕಚ್ಚಿದ. ಎಂದಿನಂತೆ.

ಮಧ್ಯಾಹ್ನ ಹೆಂಡತಿಯೊಡನೆ ಆಸ್ಪತ್ರೆಗೆ, ಮಗಳನ್ನೂ ಹಸುಗೂಸು ಮೊಮ್ಮಗಳನ್ನೂ ನೋಡಲು. ದಾರಿಯಲ್ಲಿ ಕಾರಿನ ಏಸಿ ಫ್ಯಾನು ಕಿರ್ ಎಂದು ಸುಮ್ಮನಾಯಿತು. ತಲುಪುವಷ್ಟರಲ್ಲಿ ಇಬ್ಬರೂ ಬೆವರಿ ತೊಪ್ಪೆ.

ಅಲ್ಲಿ ಬೀಗರು, ಅಳಿಯನ ಅಪ್ಪ. ಹೊಸ ದೊಡ್ಡ ಕಾರು ಕೊಂಡವರು. ಭಾನುವಾರ ಡಿಸ್ಚಾರ್ಜ್ ಆದಮೇಲೆ ಮಗುವನ್ನು ತಾವೇ ಕರೆದೊಯ್ಯುತ್ತಾರಂತೆ, ಮೊದಲ ತಿಂಗಳು ತಮ್ಮ ಮನೆಯಲ್ಲೇ ಇರಲಿ ಎಂದರು. ತೊಟ್ಟಿಲು ತಂದಿಟ್ಟು ದಿನಾ ಒರೆಸುತ್ತಿರುವವನು ನಾನು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಮಗಳೇ ತೀರ್ಪು ಕೊಟ್ಟಳು.

"ಇಬ್ರೂ ಜಗಳ ಆಡ್ಬೇಡಿ. ಈ ಬಿಸಿಲಲ್ಲಿ ಯಾರ ಕಾರು ತಣ್ಣಗಿರುತ್ತೋ ಅದ್ರಲ್ಲಿ ಕೂತ್ಕೊಳ್ತೀನಿ. ಅದು ಯಾರ ಮನೆಗೆ ಹೋಗುತ್ತೋ ಆ ಮನೆಗೆ."

ನಮ್ಮ ಕಾರೆಂದರೆ ಐಸ್ ಪೆಟ್ಟಿಗೆ ಎಂದುಬಿಟ್ಟೆ. ಇವಳು, ನನ್ನ ಹೆಂಡತಿ, ಬೀಗರ ಎದುರಿಗೇ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

೧೫, ಬುಧವಾರ

ಮೆಕ್ಯಾನಿಕ್ ಮುಂದಿನ ವಾರ ನೋಡೋಣ ಎಂದ. ಬೇಡಪ್ಪ, ನಾನೇ ಮಾಡುತ್ತೇನೆ. ಬುದ್ಧಿಹಲ್ಲಿನ ಬೇರು ಕಿತ್ತವನಿಗೆ ಒಂದು ಮೋಟರು ಯಾವ ಲೆಕ್ಕ.

ಏಸಿ ಫ್ಯಾನು ತಿರುಗಿಸುವ ಹೊಸ ಬ್ಲೋವರ್ ಮೋಟರು ತಂದೆ. ಇದರ ಪ್ಲಗ್ಗು ನಿಮ್ಮ ಕಾರಿಗೆ ಕೂರುವುದಿಲ್ಲ, ವೈರು ಕತ್ತರಿಸಿ ಸೇರಿಸಿಕೊಳ್ಳಿ ಎಂದ ಅಂಗಡಿಯವನು. ಮೋಟರಿನ ವೈರುಗಳೆರಡೂ ಕಪ್ಪು. ಪ್ಲಸ್ ಗುರುತು ಯಾವ ಕಡೆ ಇದೆ ಎಂದು ನೋಡಿಕೊಳ್ಳಬೇಕಂತೆ.

"ಪ್ಲಸ್ಸು ಮೈನಸ್ಸು ಅದಲುಬದಲಾದ್ರೂ ಮೋಟರು ತಿರುಗುತ್ತೆ ಸಾರ್. ಆದ್ರೆ..."

ಪೂರ್ತಿ ಕೇಳಲಿಲ್ಲ. ಕ್ಲಿನಿಕ್ಕಿನಲ್ಲಿ ಪೇಶೆಂಟ್ ಬಾಯಿ ತೆರೆದು ಕಾಯುತ್ತಿದ್ದ.

೧೬, ಗುರುವಾರ

ಬೆಳಗಾಗುತ್ತಲೇ ಶುರು. ಡ್ಯಾಶ್‌ಬೋರ್ಡಿನ ಕೆಳಗೆ ತಲೆ, ಸೀಟಿನ ಮೇಲೆ ಕಾಲು. ಇವಳ ಕೈಯಲ್ಲಿ ಟಾರ್ಚು. ಕ್ಲಿನಿಕ್ಕಿನಲ್ಲೂ ಇವಳೇ ಸಹಾಯಕಿ, ಆದರೆ ಅಲ್ಲಿ ಲೈಟು ತಾನೇ ನಿಂತಿರುತ್ತದೆ. ಟಾರ್ಚು ಹಿಡಿಯುವುದೂ ಒಂದು ವಿದ್ಯೆ. ಇವಳಿಗೆ ಒಲಿದಿಲ್ಲ. ನಾನು ವೈರು ನೋಡುವಾಗ ಬೆಳಕು ನನ್ನ ಕಣ್ಣಿಗೆ, ಸ್ಕ್ರೂ ಹುಡುಕುವಾಗ ಪಕ್ಕದ ಮನೆಯ ಗೇಟಿಗೆ.

ಒಳಗೆ ಏನೂ ಕಾಣದು. ಕ್ಲಿನಿಕ್ಕಿನ ಬಾಯಿಕನ್ನಡಿ ತಂದೆ — ಹಲ್ಲಿನ ಹಿಂಬದಿ ನೋಡುವ ಉದ್ದ ಹಿಡಿಯ ಪುಟ್ಟ ಕನ್ನಡಿ. ಅದರಲ್ಲಿ ಎಡಕ್ಕೆ ಕಂಡದ್ದು ನಿಜದಲ್ಲಿ ಬಲಕ್ಕಿರುತ್ತದೆ. ನಾನು ಯೋಚಿಸಬೇಕಾದ್ದೇ ಇಲ್ಲ, ಇಷ್ಟು ವರ್ಷದ ಅಭ್ಯಾಸ, ಕೈ ತಾನೇ ತಿದ್ದಿಕೊಳ್ಳುತ್ತದೆ. ಹಳೇ ಮೋಟರು ಹೊರಗೆ ಬಂತು. ಹೊಸದು ಕೂರಿಸಲು ಜಾಗ ಸಾಲದೆ ಪ್ಯಾನೆಲ್ಲನ್ನೇ ಬಿಚ್ಚಿ, ಕನ್ನಡಿ ಬದಿಗಿಟ್ಟು, ನೇರವಾಗಿ ನೋಡುತ್ತಾ ವೈರು ಸೇರಿಸಿದೆ. ಟೇಪು ಸುತ್ತಿದೆ. ಕೀ ತಿರುಗಿಸಿದೆ.

ಸದ್ದೇ ಇಲ್ಲ.

ಟೆಸ್ಟರ್ ಇಟ್ಟರೆ ಬಲ್ಬು ಹತ್ತಲಿಲ್ಲ. ಕರೆಂಟೇ ಬರುತ್ತಿಲ್ಲ. ಹುಡುಕಿದರೆ ಫ್ಯೂಸು ಸುಟ್ಟಿದೆ. ಕೀ ಆನ್ ಇದ್ದಾಗಲೇ ಎರಡು ವೈರನ್ನೂ ಒಟ್ಟಿಗೆ ಕತ್ತರಿಸಿದ್ದೆ. ಆಗ ಚಟ್ ಎಂದು ಕಿಡಿ ಹಾರಿದ್ದು ನಿಜ. ಟಾರ್ಚಿನದ್ದೇ ಏನೋ ತಕರಾರು ಎಂದುಕೊಂಡಿದ್ದೆ.

೧೭, ಶುಕ್ರವಾರ

ಹೊಸ ಫ್ಯೂಸು ಹಾಕಿದೆ. ಫ್ಯಾನು ಘುಂಯ್ ಎಂದಿತು. ಗೆದ್ದೆ!

ಇವಳು ಗಾಳಿಕಿಂಡಿಯ ಮುಂದೆ ಒಂದು ಟಿಶ್ಯೂ ಹಿಡಿದಳು. ಅಲುಗಲಿಲ್ಲ. ಟಿಶ್ಯೂ ದಪ್ಪ ಎಂದೆ. ಇವಳು ಉಫ್ ಎಂದು ಊದಿದಳು. ಹಾರಿ ಬಂದು ನನ್ನ ಮೂಗಿನ ಮೇಲೆ ಕೂತಿತು.

ಎಲ್ಲೋ ಕಟ್ಟಿಕೊಂಡಿರಬೇಕು. ಫಿಲ್ಟರ್ ತೆಗೆದರೆ ಚೊಕ್ಕವಾಗಿದೆ. ಕಿಂಡಿಯೊಳಗೆ ಚಿಮುಟ ಇಳಿಸಿ ಎಳೆದೆ. ಬಂದದ್ದು ಹಳದಿಗಟ್ಟಿದ ಪಾರ್ಕಿಂಗ್ ಚೀಟಿಯ ಚೂರು.

ಈ ಕಾರು ಮಗಳಿಗಿಂತ ನಾಲ್ಕೇ ವರ್ಷ ಚಿಕ್ಕದು. ಪುಟ್ಟವಳಿದ್ದಾಗ ಈ ಕಿಂಡಿ ಅವಳ ಪೋಸ್ಟ್ ಡಬ್ಬ. ಚೀಟಿ ಹರಿದು ಹರಿದು ಹಾಕುತ್ತಿದ್ದಳು. ಯಾರಿಗೆ ಕಾಗದ ಎಂದು ಕೇಳಿದರೆ ಕಾರಿಗೆ ಎನ್ನುತ್ತಿದ್ದಳು. ಚೂರು ಹಿಡಿದು ಕೂತುಬಿಟ್ಟೆ. ಅಳು ಬಂತು. ಕಣ್ಣಿಗೆ ಟಾರ್ಚು ಬಿಡಬೇಡ ಎಂದು ಇವಳನ್ನು ಗದರಿದೆ. ಟಾರ್ಚು ಆರಿತ್ತು.

ಸಂಜೆ ಬೀಗರ ಫೋನು. ಕಾರು ಸರ್ವೀಸ್ ಮಾಡಿಸಿದರಂತೆ. ಸೀಟಿಗೆ ಹೊಸ ಕವರಂತೆ. ಸಂತೋಷ ಎಂದೆ. ಫೋನಿಟ್ಟು ತೊಟ್ಟಿಲು ಮತ್ತೊಮ್ಮೆ ಒರೆಸಿದೆ.

೧೮, ಶನಿವಾರ

ಕ್ಲಿನಿಕ್ಕಿನಲ್ಲಿ ಪೇಶೆಂಟೊಬ್ಬಳಿಗೆ ಹುಳುಕು ಹಲ್ಲು ಯಾವುದೆಂದು ತೋರಿಸುತ್ತಿದ್ದೆ. ಕನ್ನಡಿ ಕೈಯಲ್ಲಿರಲಿಲ್ಲ. ಬೆರಳು ಸೀದಾ ಆಚೆ ಬದಿಯ ಒಳ್ಳೇ ಹಲ್ಲಿಗೆ ಹೋಯಿತು. ಇವಳು ನನ್ನ ಬೆರಳನ್ನೇ ನೋಡುತ್ತಾ ನಿಂತಳು. ಆಮೇಲೆ ಹೊರಗೆ ಹೋಗಿ ಮೋಟರಿನ ಅಂಗಡಿಗೆ ಫೋನು ಮಾಡಿ, ನಾನು ಬಿಟ್ಟು ಬಂದ ಅರ್ಧ ಮಾತನ್ನು ಕೇಳಿಕೊಂಡಳು. ಅದಲುಬದಲಾದರೆ ಮೋಟರು ಹಿಮ್ಮುಖವಾಗಿ ತಿರುಗುತ್ತದಂತೆ. ಸದ್ದು ಇರುತ್ತದೆ, ಗಾಳಿ ಇರುವುದಿಲ್ಲ.

"ವೈರು ಸೇರಿಸೋವಾಗ ಕನ್ನಡಿ ಬದಿಗಿಟ್ರಿ. ಅದನ್ನ ನಿಮ್ಮ ಕೈಗೆ ಹೇಳಿರ್ಲಿಲ್ಲ ಅಷ್ಟೇ."

ಕ್ಲಿನಿಕ್ಕು ಮುಚ್ಚಿ ಓಡಿದೆ. ಬ್ಯಾಟರಿ ಬಿಚ್ಚಿ — ಈ ಸಲ ನೆನಪಿತ್ತು — ವೈರು ಅದಲಿಸಿ ಮತ್ತೆ ಜೋಡಿಸಿದೆ. ನಾನು ಕಿಂಡಿಯತ್ತ ಬಾಯಿ ತೆರೆದು ಬಗ್ಗಿದ್ದಾಗಲೇ ಇವಳು ಸ್ವಿಚ್ ಹಾಕಿದಳು. ಇಪ್ಪತ್ತು ವರ್ಷದ ಧೂಳು, ಒಣ ಎಲೆ, ಮಗಳ ಅಷ್ಟೂ ಕಾಗದಗಳು ನನ್ನ ಬಾಯಿಗೆ. ಕೆಮ್ಮುತ್ತಲೇ ನಕ್ಕೆ. ಇವಳು ನೀರು ಕೊಟ್ಟು, ಉಗಿಯಿರಿ ಎಂದಳು, ಪೇಶೆಂಟಿಗೆ ಹೇಳುವಂತೆ.

೧೯, ಭಾನುವಾರ, ಸಂಜೆ

ಆಸ್ಪತ್ರೆಯ ಬಾಗಿಲಲ್ಲಿ ಎರಡು ಕಾರು, ಎರಡರದ್ದೂ ಎಂಜಿನ್ ಆನ್. ಮಗಳು ಮಗುವನ್ನೆತ್ತಿಕೊಂಡು ಬಂದಳು. ಬೀಗರ ಕಾರಿನೊಳಗೆ ಕೈಯಿಟ್ಟು ನೋಡಿದಳು. ತಣ್ಣಗಿತ್ತು. ನಮ್ಮದರೊಳಗೆ ಕೈಯಿಟ್ಟಳು. ಇದೂ ತಣ್ಣಗಿತ್ತು. ಅಷ್ಟರಲ್ಲಿ ಕಿಂಡಿಯಿಂದ, ಎಲ್ಲಿ ಉಳಿದಿತ್ತೋ, ಹಳದಿ ಚೂರೊಂದು ಹಾರಿ ಬಂದು ಮಗುವಿನ ಬಟ್ಟೆಯ ಮೇಲೆ ಬಿತ್ತು. ಮಗಳು ಎತ್ತಿ ನೋಡಿದಳು. ಗುರುತು ಸಿಕ್ಕಿತು. ನಮ್ಮ ಕಾರಿನೊಳಗೆ ಕೂತಳು.

ನನಗೆ ಆಕಾಶ ಮೂರೇ ಗೇಣು. ಗೇಟು ದಾಟುವ ಮೊದಲೇ ಹಿಂದಿನಿಂದ ಮಾತು.

"ಅಪ್ಪಾ, ಆ ಫ್ಯಾನ್ ಆಫ್ ಮಾಡು. ಪಾಪು ಸೀನ್ತಾ ಇದೆ."

ಮನೆಯವರೆಗೆ ಫ್ಯಾನಿಲ್ಲ. ಬೆವರಿ ತೊಪ್ಪೆ. ಮೊಮ್ಮಗಳನ್ನು ಬಿಟ್ಟಿರಲಾರದೆ ಬೀಗರೂ ನಮ್ಮ ಮುಂದಿನ ಸೀಟಿನಲ್ಲೇ ಕೂತಿದ್ದರು. ಅವರ ಕಾರು ಅಳಿಯನೊಬ್ಬನನ್ನೇ ಕೂರಿಸಿಕೊಂಡು ತಣ್ಣಗೆ ಹಿಂದೆ ಬಂತು. ಐಸ್ ಪೆಟ್ಟಿಗೆ ಚೆನ್ನಾಗಿದೆ ಎಂದರು ಬೀಗರು, ಕರವಸ್ತ್ರ ಹಿಂಡುತ್ತಾ.

ಈಗ ಕರೆಂಟು ಹೋಗಿದೆ. ಕಿಟಕಿಯ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಕೋಣೆಯಲ್ಲಿ ಮಗುವಿನ ಬಟ್ಟೆ ಬದಲಿಸುತ್ತಿದ್ದಾರೆ. ಇವಳು ಕೂಗುತ್ತಿದ್ದಾಳೆ, ಬಂದು ಟಾರ್ಚು ಹಿಡಿಯಬೇಕಂತೆ, ನೆಟ್ಟಗೆ ಹಿಡಿಯಬೇಕಂತೆ. ಟಾರ್ಚು ಹಿಡಿಯುವುದು ಅದೇನು ದೊಡ್ಡ ವಿ—