ಅಡಗಿಮನಿ ಶೀಟಿನ ಕೆಳಗ

ನಿಶಾಂತ,

ನಾ ಬಸದಿಗಿ ಹೊಂಟೇನಿ. ಎದ್ದ ಕೂಡಲೇ ಮೊಬೈಲ್ ಹಿಡೀಬ್ಯಾಡ, ಮೊದಲ ಇದನ್ನ ಓದು.

ನಾ ಅಕ್ಕನ ಮನಿಗಿ ಹೋದ ನಾಕ ದಿನದಾಗ ಅಡಗಿಮನಿ ತುಂಬ ಆ ವಿನೈಲ್ ಶೀಟ್ ಹಾಸೀದಿ. ಯಾರನ್ನ ಕೇಳಿ ಹಾಸಿದಿ? ನೆಲದ ಒಡದ ಪರಸಿ ಕಲ್ಲು ಇವತ್ತ ಆಹಾರಕ್ಕ ಬರೋ ಮುನಿ ಮಹಾರಾಜರಿಗಿ ಕಾಣಬಾರದಂತನಾ? ಈಗ ಒಂದು ಮೂಲಿ ಎತ್ತಿ ನೋಡಿದೆ. ಮಳಿಗಾಲದ ಹಸೀ ಕಲ್ಲಿನ ಮ್ಯಾಲೆ ಹಾಸಿಬಿಟ್ಟೀದಿ, ಕೆಳಗ ರಾಶಿ ರಾಶಿ ಇರುವಿ ಹರದಾಡಾಕತ್ತಾವು. ಅವುಗಳ ಮ್ಯಾಲೆ ಮುನಿಗಳನ್ನ ನಿಂದರ್ಸಿ ಆಹಾರ ಕೊಡೂನೇನು? ದಿನಕ್ಕ ಒಂದ ಸಲ ಉಣ್ಣೋ ಅವರು ಇರುವಿ ಕಂಡು ನಮ್ಮ ಮನಿಯಿಂದ ಹೊಳ್ಳಿ ಹೋದ್ರ ಇವತ್ತ ಅವರಿಗಿ ಊಟಿಲ್ಲ, ನೀರೂ ಇಲ್ಲ. ತಿಳೀತಿಲ್ಲೋ ನಿನಗ?

ಹತ್ತಕ್ಕ ನಾವು ಅವರನ್ನ ಕರಿಯಾಕ ಕಲಶ ಹಿಡಕೊಂಡು ಬಾಗಲದಾಗ ನಿಂದರಬೇಕು. ಅಷ್ಟರಾಗ ಶೀಟ್ ಕಿತ್ತಿರಬೇಕು. ದರದರ ಎಳೀಬ್ಯಾಡ, ಸಾವಕಾಶ ಸುತ್ತು. ಇರುವಿ ಮೆತ್ತನ್ನ ಅರಿವೀಲೆ ಹಾಳಿ ಮ್ಯಾಲೆ ತಗೊಂಡು ನುಗ್ಗಿ ಗಿಡದ ಬುಡಕ ಬಿಡು. ಫಿನೈಲ್ ಬಾಟಲಿ ಮುಟ್ಟಿದ್ರ ನೋಡು ಮತ್ತ! ಆಮ್ಯಾಲ ಸೋಸಿದ ನೀರಿಲೆ ನೆಲಾ ಒರಸಿ ಫ್ಯಾನ್ ಹಚ್ಚು. ಪರಸಿ ಅಂಚು ಚೂಪ ಐತಿ, ಕೈ ಕೊಯ್ಕೊಂಡಿ ಮತ್ತ.

ಒಡದದ್ದು ಕಂಡ್ರ ಕಾಣವಲ್ದ್ಯಾಕ. ಮೈಮ್ಯಾಲಿನ ಅರಿವೀನ ಬಿಟ್ಟು ಬಂದಾವ್ರು ನಿನ್ನ ಮಿಂಚೂ ನೆಲಾ ನೋಡಾಕ ಬರ್ತಾರೇನೋ?

ಅವ್ವ