ದಿಣ್ಣೆಯ ಈಚೆಗೆ ಮಾತ್ರ ಹೂವು

ಮೂರ್ನಾಡು, ಕೊಡಗು
ಮಾರ್ಚ್ ೧೯೫೪

ಅಕ್ಕ, ಕ್ಷೇಮ ಎಂದು ಬರೆಯಲು ಕೈ ಹಿಂಜರಿಯುತ್ತಿದೆ. ಕೆಮ್ಮು ಮಾತ್ರ ಕಡಿಮೆಯಾಗಿದೆ.

ಫಸಲಿನ ಅಂದಾಜಿಗೆಂದು ನನ್ನನ್ನು ಕರೆಸಿದ ಬೆಳ್ಯಪ್ಪನವರ ಕಾಫಿ ತೋಟ ಇಂದು ಬೆಳಿಗ್ಗೆ ಪೂರಾ ಬೆಳ್ಳಗಾಗಿದೆ. ಹೋದ ವಾರದ ಒಂದೇ ಮಳೆಗೆ ಎಲ್ಲ ಗಿಡವೂ ಒಟ್ಟಿಗೆ ಹೂಬಿಟ್ಟಿವೆ. ದಿಣ್ಣೆ ಹತ್ತಿ ನೋಡಿದರೆ, ಮಳೆ ಬೀಳದ ಆಚೆ ಮಗ್ಗುಲಲ್ಲಿ ಒಂದು ಹೂವೂ ಇಲ್ಲ. ಗೆರೆ ಎಳೆದ ಹಾಗಿದೆ. ನನ್ನ ಲೆಕ್ಕದ ತಪ್ಪು ಆಗಲೇ ಕಂಡಿತು.

ಒಂದೊಂದು ಗಿಡದ ಫಸಲಿಗೂ ಕ್ಯಾರೆಕ್ಟರಿಸ್ಟಿಕ್ ಫಂಕ್ಷನ್, ಅಂದರೆ ಅದು ಎಷ್ಟಾದೀತೆಂಬ ಸಂಭವದ ಸೂತ್ರ, ಬರೆದು, ಎಲ್ಲವನ್ನೂ ಗುಣಿಸಿದರೆ ಇಡೀ ತೋಟದ್ದು ಸಿಗುತ್ತದೆ ಎಂದು ಕಲಿಸಿದವಳು ನೀನು. ಒಂದು ಗಿಡದ ಹಣೆಬರಹಕ್ಕೂ ಇನ್ನೊಂದರದಕ್ಕೂ ಸಂಬಂಧವಿಲ್ಲದಿದ್ದರೆ ಮಾತ್ರ ಎಂದೂ ನೀನೇ ಹೇಳಿದ್ದೆ. ನಾನು ಅದನ್ನು ಯೋಚಿಸದೆ ಗುಣಿಸಿಬಿಟ್ಟೆ. ಕೆಲವು ಗಿಡ ಕೈಕೊಟ್ಟರೂ ಉಳಿದವು ಸರಿದೂಗಿಸುತ್ತವೆ, ಫಸಲು ಹೆಚ್ಚು ಏರುಪೇರಾಗದು ಎಂದು ಅವರಿಗೆ ಹೇಳಿದೆ. ಇಲ್ಲಿ ಮಳೆ ಕೈಕೊಟ್ಟರೆ ಎಲ್ಲ ಗಿಡವೂ ಒಟ್ಟಿಗೇ ಕೈಕೊಡುತ್ತವೆ.

ಆ ಮಾತು ನಂಬಿ ಬೆಳ್ಯಪ್ಪನವರು ದಿಣ್ಣೆಯಾಚೆಯ ತೋಟವನ್ನೂ ಕೊಳ್ಳುತ್ತಿದ್ದಾರೆ. “ಆಚೆ ಇನ್ನೂ ಹೂವಾಗ್ಲಿಲ್ಲ. ಆದ್ರೆ ನೀವು ಲೆಕ್ಕ ಹಾಕಿ ಹೇಳಿದ ಮೇಲೆ ಇನ್ನೆಂತ ಹೆದರಿಕೆ ಮಾರಾಯ್ರೆ,” ಎಂದು ನಕ್ಕರು. ತಮ್ಮ ಕಣ್ಣಿಗಿಂತ ನನ್ನ ಲೆಕ್ಕವೇ ಅವರಿಗೆ ಹೆಚ್ಚಾಗಿದೆ.

ನಾಳೆ ಮಡಿಕೇರಿಯಲ್ಲಿ ರಿಜಿಸ್ಟ್ರಿ. ನಿನ್ನ ಉತ್ತರ ಬರುವುದರೊಳಗೆ ರುಜು ಬಿದ್ದಿರುತ್ತದೆ. ಹಾಗಾಗಿ ಕಾರ್ಡು ಡಬ್ಬಿಗೆ ಹಾಕಿ ನೇರ ಅವರ ಮನೆಗೆ ಹೋಗುತ್ತೇನೆ. ಮೊದಲ ಮಾತು ಇನ್ನೂ ಹೊಳೆದಿಲ್ಲ.

ಅಮ್ಮ ಕೇಳಿದರೆ ಹೂವಿನ ಸುದ್ದಿ ಮಾತ್ರ ಓದು.

ನಿನ್ನ ತಮ್ಮ,
ನರಹರಿ